ತೆರೆಯದ ಎಡಗಡೆ ಬಾಗಿಲು

ಒಂದೂರಲ್ಲಿ ಒಬ್ಬ ಸ್ಟೋರ್ ಕೀಪರ್ ಇದ್ದ. ಶ್ರೀಮಂತ ಇದ್ದ ಎಂದು ಶುರುಮಾಡುತ್ತೇನೆ ಅಂದುಕೊಂಡಿರಿ, ಅಲ್ಲವೇ? ಶ್ರೀಮಂತನ ಕಥೆ ಸಾಕು. ಅದನ್ನು ಹೇಳಿದರೆ ನೀವೆಲ್ಲ ಗೋಡೆಗೆ ಒರಗಿಕೊಂಡು, ಇದು ನಮಗಲ್ಲ ಬಿಡು ಎಂದು ಹಾಯಾಗಿ ತಲೆಯಾಡಿಸುತ್ತೀರಿ. ಇವನು ನಿಮ್ಮ ಹಾಗೆಯೇ ಸಂಬಳಕ್ಕೆ ದುಡಿಯುವವನು. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಗ್ಗೆಯೇ ಅವನ ಮನೆ ಹುಡುಕಿಕೊಂಡು ಹೊರಡುವ ಪೈಕಿ ನೀವು.

ಖಾಸಗಿ ಬಸ್ಸುಗಳ ಒಂದು ಡಿಪೋ. ಅಲ್ಲಿ ಬಿಡಿಭಾಗಗಳನ್ನು ಇಡುವ ಸ್ಟೋರು ಇವನ ಕೈಯಲ್ಲಿ. ಹತ್ತೊಂಬತ್ತು ವರ್ಷದ ಸರ್ವೀಸು. ಈ ಹತ್ತೊಂಬತ್ತು ವರ್ಷದಲ್ಲಿ ಚೀಟಿ ಇಲ್ಲದೆ ಒಂದೇ ಒಂದು ಬೋಲ್ಟು ಆ ಕಿಟಕಿಯಿಂದ ಆಚೆ ಬಂದಿಲ್ಲ. ಏನು ಬೇಕು, ಎಷ್ಟು ಬೇಕು, ಯಾತಕ್ಕೆ ಬೇಕು, ತಾರೀಖು, ಸಹಿ. ಇಷ್ಟೂ ಸರಿಯಾಗಿದ್ದರೆ ಸಾಮಾನು ನಿಮ್ಮ ಕೈಯಲ್ಲಿ. ಒಂದು ತಪ್ಪಿದರೂ ಇಲ್ಲ. ಮ್ಯಾನೇಜರೇ ಬಂದು ನಿಂತರೂ "ಚೀಟಿ ಎಲ್ಲಿ ಸಾರ್?" ಎನ್ನುವವನು. ಒಳ್ಳೆಯದೇ, ಪ್ರಾಮಾಣಿಕ ಮನುಷ್ಯ, ನಾನು ಇಲ್ಲ ಎನ್ನುವುದಿಲ್ಲ. ಆದರೆ ನೋಡಿ, ಕೆಲಸದ ಚಾಳಿ ಕೆಲಸದ ಜಾಗದಲ್ಲೇ ಉಳಿಯುವುದಿಲ್ಲ. ಅದು ಮನುಷ್ಯನ ಜೊತೆ ಮನೆಗೂ ಬರುತ್ತದೆ.

ಅದೇ ಡಿಪೋದಲ್ಲಿ ಒಬ್ಬ ಟಿಂಕರ್. ಬಸ್ಸು ಎಲ್ಲಾದರೂ ಗುದ್ದಿ ನೆಗ್ಗಿದರೆ ಆ ತಗಡನ್ನು ಬಡಿದು ಸರಿಮಾಡುವವನು. ಇವನ ಚಾಳಿಯೇ ಬೇರೆ. ಡ್ರೈವರುಗಳು ಗುದ್ದಿಕೊಂಡು ಬರುತ್ತಾರೆ, "ಸ್ವಲ್ಪ ನೋಡಪ್ಪ" ಎನ್ನುತ್ತಾರೆ, ಇವನು ನೋಡುತ್ತಾನೆ. ಯಾರು ಗುದ್ದಿದ್ದು, ಯಾಕೆ ಗುದ್ದಿದ್ದು, ಕೇಳುವುದೇ ಇಲ್ಲ. ಸುತ್ತಿಗೆ ಎತ್ತಿದ, ಬಡಿದ, ಮುಗಿಯಿತು. ಇವನ ಹತ್ತಿರ ಬಂದು ಯಾರೂ ತಪ್ಪಾಯ್ತು ಎಂದವರಿಲ್ಲ, ಇವನೂ ಯಾರಿಗೂ ಎಂದವನಲ್ಲ. ಈ ಇಬ್ಬರೂ ಹನ್ನೊಂದು ವರ್ಷದಿಂದ ಒಂದೇ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಊಟ ಮಾಡುವವರು. ಸ್ಟೋರ್ ಕೀಪರನ ಹೆಂಡತಿ ಚಿತ್ರಾನ್ನ ಮಾಡಿದ ದಿನ ಟಿಂಕರನಿಗೆಂದೇ ಇನ್ನೊಂದು ಡಬ್ಬಿ ಬರುತ್ತಿತ್ತು.

ಆಯುಧಪೂಜೆ ಬಂತು. ಸ್ಟೋರ್ ಕೀಪರ್ ಕಾರು ಕೊಂಡು ಮೂರು ವಾರವಾಗಿತ್ತು. ಪುಟ್ಟ ಕಾರು. ಹೆಂಡತಿಗೆ ಮೊಣಕಾಲು ನೋವು, ಸ್ಕೂಟರ್ ಹತ್ತಲಾಗುವುದಿಲ್ಲ, ಅವಳಿಗೋಸ್ಕರವೇ ಕೊಂಡದ್ದು. ನೆನಪಿಟ್ಟುಕೊಳ್ಳಿ, ಅವಳಿಗೋಸ್ಕರ. ಡಿಪೋದ ಅಂಗಳದಲ್ಲಿ ಬಸ್ಸುಗಳ ಜೊತೆ ಈ ಕಾರಿಗೂ ಹೂವು, ಬಾಳೆಕಂದು, ಮಂಗಳಾರತಿ ಎಲ್ಲ ಆಯಿತು. ಪೂಜೆ ಮುಗಿಸಿದ ಕಾರನ್ನು ಸ್ಟೋರಿನ ಗೋಡೆಯ ಪಕ್ಕ ನಿಲ್ಲಿಸಿ ಇವನು ಪ್ರಸಾದಕ್ಕೆ ಹೋದ. ಆಚೆ ಡಿಪೋದ ರಿಪೇರಿ ವ್ಯಾನಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಪೂಜಾರಿ "ತಗೊಳ್ಳಿ" ಎಂದ. ವ್ಯಾನಿನಲ್ಲಿ ಕೂತಿದ್ದವನು ಟಿಂಕರ್. ಮುಂದಕ್ಕೆ ತೆಗೆದುಕೊಳ್ಳಬೇಕಾದವನು ರಿವರ್ಸ್ ಹಾಕಿಬಿಟ್ಟ. ಹಿಂದೆ ನಿಂತಿದ್ದ ಕಾರಿನ ಮುಂದಿನ ಎಡಗಡೆ ಬಾಗಿಲು ಒಳಕ್ಕೆ ಹೋಯಿತು.

ಸ್ಟೋರ್ ಕೀಪರ್ ಕೈಯಲ್ಲಿದ್ದ ಕೋಸಂಬರಿ ಕೆಳಗೆ ಹಾಕಿ ಓಡಿ ಬಂದ. ಟಿಂಕರ್ ಇಳಿದ, ನೋಡಿದ, ಅಭ್ಯಾಸಬಲ ನೋಡಿ, ನೆಗ್ಗಿದ ಜಾಗದ ಮೇಲೆ ಕೈಯಾಡಿಸಿದ. ಆಮೇಲೆ ಹೇಳಿದ, "ಏನಿಲ್ಲ ಬಿಡಣ್ಣ, ಅರ್ಧ ಗಂಟೆ ಕೆಲ್ಸ. ದೃಷ್ಟಿ ಹೋಯ್ತು ಅಂದ್ಕೋ."

ದೃಷ್ಟಿ ಹೋಯ್ತಂತೆ! ಮೂರು ವಾರದ ಕಾರು ಕಣ್ಣೆದುರಿಗೆ ನೆಗ್ಗಿ ನಿಂತಿರುವಾಗ ಯಾರಾದರೂ ಆಡುವ ಮಾತೇ ಇದು? ಸ್ಟೋರ್ ಕೀಪರನ ಮೈಯೆಲ್ಲ ಉರಿದುಹೋಯಿತು. ನನಗೂ ಉರಿಯುತ್ತಿತ್ತು, ನಿಮಗೂ ಉರಿಯುತ್ತಿತ್ತು. ತಪ್ಪು ಟಿಂಕರನದೇ, ಅದರಲ್ಲಿ ಎರಡು ಮಾತಿಲ್ಲ. ಅವನು "ಕೀ ಕೊಡಣ್ಣ, ಈಗ್ಲೇ ತೆಗ್ದಾಕ್ತೀನಿ" ಎಂದು ಕೈ ಚಾಚಿದ. ಇವನು ಕೀಯನ್ನು ಜೇಬಿಗೆ ಹಾಕಿಕೊಂಡ.

"ಮೊದ್ಲು ತಪ್ಪಾಯ್ತು ಅನ್ನು."

"ಬೇಕು ಅಂತ ಮಾಡಿದ್ನೇನಣ್ಣಾ? ಕೀ ಕೊಡು ಅಂತಿದೀನಲ್ಲ."

"ಆ ಮಾತು ಬರ್ಲಿ. ಆಮೇಲೆ ಕೀ."

ಅರ್ಥವಾಯಿತೇ? ಚೀಟಿ! ಬೋಲ್ಟಿಗೆ ಚೀಟಿ ಕೇಳಿದವನು ಈಗ ಕ್ಷಮೆಗೂ ಚೀಟಿ ಕೇಳುತ್ತಿದ್ದಾನೆ. ಆ ಕಡೆಯವನಿಗೋ, ಬಾಯಲ್ಲಿ ಹೇಳುವುದು ಗೊತ್ತೇ ಇಲ್ಲ, ಸುತ್ತಿಗೆಯೊಂದೇ ಗೊತ್ತು. ಒಬ್ಬ ಕೀ ಕೊಡಲೊಲ್ಲ, ಇನ್ನೊಬ್ಬ ಮಾತು ಆಡಲೊಲ್ಲ. ಹೀಗೆ ಎಷ್ಟು ದಿನ ಇದ್ದರು? ಒಂದು ವಾರವೇ? ಒಂದು ತಿಂಗಳೇ? ಐದು ತಿಂಗಳು ರೀ, ಐದು ತಿಂಗಳು! ಚೆನ್ನಾಗಿ ಓದು ಬರಹ ಬಲ್ಲ ಇಬ್ಬರು ಗಂಡಸರು!

ಊಟದ ಬೆಂಚಿನ ಈ ತುದಿಗೊಬ್ಬ, ಆ ತುದಿಗೊಬ್ಬ. ಸ್ಟೋರ್ ಕೀಪರ್ ದಿನಾ ಬೆಳಗ್ಗೆ ಕಾರು ತಂದು, ನೆಗ್ಗಿದ ಬಾಗಿಲು ಟಿಂಕರನ ಶೆಡ್ಡಿಗೆ ಸರಿಯಾಗಿ ಎದುರು ಬರುವ ಹಾಗೆ ನಿಲ್ಲಿಸುವನು. ಒಂದು ದಿನ ಜಾಗ ಸಿಗಲಿಲ್ಲವೆಂದು ಮೂರು ಸಲ ಹಿಂದೆ ಮುಂದೆ ಮಾಡಿ ನಿಲ್ಲಿಸಿದನಂತೆ. ನೋಡಲಿ ಅವನು, ನೋಡಿ ನೋಡಿ ಸಾಯಲಿ, ಎಂದು. ಮ್ಯಾನೇಜರ್ ಇಬ್ಬರನ್ನೂ ಕರೆಸಿ ಟೀ ಕುಡಿಸಿದರು. ಟೀ ಕುಡಿದರು, ಎದ್ದುಹೋದರು.

ಈ ಐದು ತಿಂಗಳು ಆ ಹೆಂಗಸಿನ ಕಥೆ ಏನು? ಯಾರಾದರೂ ಕೇಳಿದಿರಾ? ನೀವೂ ಕೇಳಲಿಲ್ಲ. ಕಾರು ಏನಾಯಿತು, ಯಾರು ಸೋತರು, ಅದರ ಮೇಲೇ ಇದೆ ನಿಮ್ಮ ಗಮನ. ಆ ಎಡಗಡೆ ಬಾಗಿಲು ಇತ್ತಲ್ಲ, ತೆರೆಯಲು ಬಾರದೆ ಕಚ್ಚಿಕೊಂಡದ್ದು, ಅದು ಅವಳು ಕೂರುವ ಕಡೆಯ ಬಾಗಿಲು. ಹಿಂದೆ ಕೂರಬಹುದಲ್ಲ ಎನ್ನುತ್ತೀರಿ. ಕೂತು ನೋಡಿದಳು. ಕಾಲು ಮಡಚಲಾಗದವಳಿಗೆ ಆ ಪುಟ್ಟ ಕಾರಿನ ಹಿಂದಿನ ಸೀಟು ಒಗ್ಗಲಿಲ್ಲ. ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿ, ಕಾಲು ಚಾಚಿಯೇ ಕೂರಬೇಕು. ಹಾಗಾಗಿ ಡ್ರೈವರ್ ಕಡೆಯಿಂದ ಹತ್ತುವಳು, ನೋಯುವ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಗೇರಿನ ಆಚೆಗಿಡುವಳು, ಸೀರೆ ಹಿಡಿದುಕೊಂಡು ಜರುಗುವಳು. ಆಸ್ಪತ್ರೆಗೆ ಹೋದಾಗಲೂ ಹೀಗೇ. ಮೊಣಕಾಲು ತೋರಿಸಲು ಹೋಗುವುದು, ಹೋಗುವಾಗ ಬರುವಾಗ ಅದೇ ಮೊಣಕಾಲಿಗೆ ಪೆಟ್ಟು!

"ಬೇರೆ ಕಡೆ ಕೊಟ್ಟು ಮಾಡಿಸ್ರೀ" ಎಂದಳು.

"ಬೇರೆ ಕಡೆ ಮಾಡಿಸಿದ್ರೆ ಅವ್ನು ಗೆದ್ದಂಗಲ್ವೇನೇ?"

"ಅವ್ರು ಗೆಲ್ಲೋದು ನೀವು ಸೋಲೋದು ಹಾಗಿರ್ಲಿ. ನನ್ ಕಾಲು?"

"ಇನ್ ಸ್ವಲ್ಪ ದಿನ ತಡ್ಕೋ."

ತಡೆದುಕೊಂಡಳು. ತಂಗಿಯ ಮನೆಯ ಗೃಹಪ್ರವೇಶ ಬಂತು. ಚಪ್ಪರದ ಎದುರು ಕಾರು ನಿಂತಿತು, ನೆಂಟರೆಲ್ಲ ಬಾಗಿಲಲ್ಲೇ ಇದ್ದರು. ಇವನು ಇಳಿದ. ಅವಳು ಈ ಕಡೆ ಜರುಗತೊಡಗಿದಳು. ಅರ್ಧ ದಾರಿಯಲ್ಲಿ ರೇಷ್ಮೆ ಸೀರೆಯ ಸೆರಗು ಹ್ಯಾಂಡ್‌ಬ್ರೇಕಿಗೆ ಸಿಕ್ಕಿತು, ಕಾಲು ಆ ಕಡೆ ಉಳಿಯಿತು, ಮುಂದಕ್ಕೂ ಬರಲಾಗದು, ಹಿಂದಕ್ಕೂ ಹೋಗಲಾಗದು. ಅಷ್ಟರಲ್ಲಿ ಷಡ್ಡಕನೊಬ್ಬ ಕೇಳಿದ, "ಇದೇನ್ ಭಾವ, ಬಾಗ್ಲು ಹಿಂಗಾಗಿದೆ?" ಮುಗಿಯಿತು ಕಥೆ! ಇವನು ಸೊಂಟದ ಮೇಲೆ ಕೈಯಿಟ್ಟು ನಿಂತು ಶುರುಮಾಡಿದ. "ಅದೊಂದು ದೊಡ್ ಕಥೆ ಕಣಪ್ಪ. ಆಯುಧಪೂಜೆ ದಿನ ಏನಾಯ್ತು ಗೊತ್ತಾ..." ನಿಂಬೆಹಣ್ಣು, ವ್ಯಾನು, ದೃಷ್ಟಿ ಹೋಯ್ತು ಅಂದದ್ದು, ಒಂದೂ ಬಿಡದೆ ಹೇಳಿದ. ಅವಳು ಇನ್ನೂ ಒಳಗೇ ಇದ್ದಾಳೆ ರೀ! ಸೆರಗು ಸಿಕ್ಕಿಕೊಂಡು ಬಗ್ಗಿದ ಹಾಗೇ ಇದ್ದಾಳೆ! ತಂಗಿ ಓಡಿಬಂದು ಎಳೆದಳು. ಸೆರಗು ಒಂದು ಗೇಣು ಹರಿಯಿತು.

ಮನೆಗೆ ಬಂದ ಮೇಲೆ ಅವಳು ಕೂಗಾಡಲಿಲ್ಲ. ಮಾರನೆಯ ದಿನ ಎಂದಿನಂತೆ ಡಬ್ಬಿ ಕಟ್ಟಿಕೊಟ್ಟಳು. ಮಧ್ಯಾಹ್ನ ಸ್ಟೋರ್ ಕೀಪರ್ ಡಬ್ಬಿಯ ಮುಚ್ಚಳ ತೆಗೆದ. ಚಪಾತಿಯ ಮೇಲೆ ಒಂದು ಚೀಟಿ. ಡಿಪೋದ್ದೇ ಚೀಟಿ, ಮನೆಯಲ್ಲಿ ಇವನೇ ತಂದಿಟ್ಟಿದ್ದ ಹಳೆಯ ಕಟ್ಟಿನದು. ದುಂಡಗಿನ ಅಕ್ಷರದಲ್ಲಿ ತುಂಬಿತ್ತು. ಬೇಕಾದ ವಸ್ತು: ಬಾಗಿಲು. ಎಷ್ಟು: ಒಂದು. ಯಾತಕ್ಕೆ: ನಾನು ಹತ್ತಿ ಇಳಿಯಲು. ತಾರೀಖು. ಸಹಿ.

ಅವನ ಕೈ ತಾನಾಗಿಯೇ ಪೆನ್ನಿಗೆ ಹೋಯಿತು, ತಪ್ಪು ಹುಡುಕಲು. ವಸ್ತು ಸರಿಯಾಗಿದೆ. ತಾರೀಖು ಸರಿಯಾಗಿದೆ. "ಯಾತಕ್ಕೆ" ಎನ್ನುವುದನ್ನು ಎರಡು ಸಲ ಓದಿದ, ಮೂರನೆಯ ಸಲ ಓದಲಾಗಲಿಲ್ಲ. ಕಾರು ಕೊಂಡದ್ದು ಯಾತಕ್ಕೆ ಎನ್ನುವುದು ಆಗ ನೆನಪಾಯಿತು ಮಹಾನುಭಾವನಿಗೆ. ಎಲ್ಲ ಸರಿಯಿರುವ ಚೀಟಿಯನ್ನು ಅವನು ಯಾವತ್ತೂ ವಾಪಸು ಕಳಿಸಿದವನಲ್ಲ. ಊಟ ಬಿಟ್ಟು ಎದ್ದ. ಶೆಡ್ಡಿಗೆ ಹೋಗಿ ಕೀಯನ್ನು, ಅದರ ಜೊತೆ ಚೀಟಿಯನ್ನೂ ಟಿಂಕರನ ಕೈಯಲ್ಲಿಟ್ಟ. ಟಿಂಕರ್ ಚೀಟಿ ಓದಿದ. ಸುತ್ತಿಗೆ ತೆಗೆದುಕೊಂಡ.

ಅರ್ಧ ಗಂಟೆ ಎಂದಿದ್ದ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಐದು ತಿಂಗಳಲ್ಲಿ ಒಳಗಡೆ ತುಕ್ಕು ಹಿಡಿದಿತ್ತು. ಸಂಜೆ ಟಿಂಕರ್ ತಾನೂ ಕಾರು ಹತ್ತಿ ಬಂದ. "ಚೀಟಿ ಬರ್ದೋರೇ ನೋಡಿ ಒಪ್ಬೇಕಲ್ಲ" ಎಂದ. ಮನೆ ಮುಂದೆ ಇಳಿದು ಎಡಗಡೆ ಬಾಗಿಲು ತೆರೆದು ಹಿಡಿದುಕೊಂಡು ನಿಂತ. ಅವಳು ಕೈ ಒರೆಸಿಕೊಳ್ಳುತ್ತ ಬಂದು ಕೂತಳು, ಇಳಿದಳು. ಮತ್ತೆ ಕೂತಳು, ಮತ್ತೆ ಇಳಿದಳು. ಟಿಂಕರನ ಕಣ್ಣು ತುಂಬಿತು.

"ಅತ್ಗೆ, ಬಾಗ್ಲು ಕಚ್ಕೊಂಡಿದೆ ಅನ್ನೋದು ದಿನಾ ನೋಡ್ತಿದ್ದೆ. ನೀವು ಕೂರೋ ಬಾಗ್ಲು ಅನ್ನೋದು ನನ್ ತಲೆಗೆ ಹೊಳೀಲೇ ಇಲ್ಲ. ತಪ್ಪಾಯ್ತು ಅತ್ಗೆ."

ಕೇಳಿದಿರಾ? ಬಂತು! ಐದು ತಿಂಗಳು ಕಾದ ಮಾತು ಬಂತು. ಆದರೆ ಸ್ಟೋರ್ ಕೀಪರನ ಕಡೆಗೆ ಬರಲಿಲ್ಲ, ಪೆಟ್ಟು ತಿಂದವಳ ಕಡೆಗೆ ಬಂತು. ಅವಳು "ಆಯ್ತು ಬಿಡಪ್ಪ" ಎಂದಳು. ಎಂದು, ತಿರುಗಿ ಗಂಡನ ಮುಖ ನೋಡಿದಳು.

ಈಗ ಹೇಳಿ, ಇವನು ಏನೆನ್ನಬೇಕಿತ್ತು? ನಿಮಗೆಲ್ಲ ಗೊತ್ತು. ಅವನಿಗೂ ಗೊತ್ತಿತ್ತು. ಐದು ತಿಂಗಳು ಇನ್ನೊಬ್ಬನಿಂದ ಬೇಡಿದ ಮಾತೇ ತಾನೇ! ಮಹಾರಾಯ ಏನೆಂದ ಗೊತ್ತೇ? "ಕಾಫಿ ಇಡ್ತೀಯಾ?"

ಕಾಫಿಯಂತೆ, ಕಾಫಿ! ಅಯ್ಯೋ ದೇವರೇ!

ಅವಳು ಒಳಗೆ ಹೋದಳು. ಎರಡು ಲೋಟ ತಂದಳು. ಒಂದು ಟಿಂಕರನಿಗೆ ಕೊಟ್ಟಳು, ಇನ್ನೊಂದನ್ನು ತಾನು ಹಿಡಿದುಕೊಂಡು ಕೂತಳು.

"ನಂದು?" ಎಂದ.

"ನಿಮ್ಮ ಚೀಟಿ ಬಂದಿಲ್ವಲ್ಲ."

ಟಿಂಕರನಿಗೆ ನಗು ತಡೆಯಲಾಗದೆ ಕಾಫಿ ನೆತ್ತಿಗೇರಿತು. ಸ್ಟೋರ್ ಕೀಪರ್ ನಗಲಿಲ್ಲ. ಒಂದು ಸಲ ಕಾರಿನ ಬಾಗಿಲು ನೋಡಿದ, ಒಂದು ಸಲ ಅವಳ ಕಾಲು ನೋಡಿದ. "ತಪ್ಪಾಯ್ತು ಕಣೇ" ಎಂದ. ದನಿ ಎಷ್ಟು ಸಣ್ಣಗಿತ್ತೆಂದರೆ ಪಕ್ಕದಲ್ಲೇ ಇದ್ದ ಟಿಂಕರನಿಗೂ ಸರಿಯಾಗಿ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು. "ಒಳಗೆ ಮುಚ್ಚಿಟ್ಟಿದೀನಿ, ಹೋಗಿ ತಗೊಳ್ಳಿ" ಎಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಮೂರನೆಯ ಲೋಟ, ತುಂಬಿಸಿ, ಮೇಲೊಂದು ತಟ್ಟೆ ಮುಚ್ಚಿ ಇಟ್ಟಿತ್ತು.

ನೋಡಿ, ಅವನು ಬಾಯಿ ತೆರೆಯುವುದಕ್ಕೆ ಮೊದಲೇ ಅವಳು ಲೋಟ ತುಂಬಿಸಿಟ್ಟಿದ್ದಳು. ಕ್ಷಮೆ ಎಂದರೆ ಅದು. ಚೀಟಿ ಬಂದಮೇಲೆ ಕೊಡುವುದು ಸ್ಟೋರಿನ ಸಾಮಾನು.

ಏಕೆ ನಗುತ್ತಿದ್ದೀರಿ? ಯಾರ ಕಥೆ ಎಂದುಕೊಂಡಿರಿ ಇದು? ನಿಮ್ಮ ಆಫೀಸಿನಲ್ಲಿ ಎದುರು ಮೇಜಿನವರ ಜೊತೆ ಮಾತು ಬಿಟ್ಟು ಎಷ್ಟು ತಿಂಗಳಾಯಿತು? ಮೊದಲು ಅವರು ಮಾತಾಡಲಿ ಎಂದು ಕಾಯುತ್ತಿದ್ದೀರಿ, ನೆಗ್ಗಿದ ಕಡೆಯನ್ನು ದಿನಾ ಅವರ ಕಡೆಗೇ ತಿರುಗಿಸಿ ನಿಲ್ಲಿಸುತ್ತಿದ್ದೀರಿ, ಸಿಕ್ಕಸಿಕ್ಕ ನೆಂಟರಿಗೆಲ್ಲ ಕಥೆ ಹೇಳುತ್ತಿದ್ದೀರಿ. ಆ ಹೊತ್ತಿಗೆ ನಿಮ್ಮ ಬೆನ್ನ ಹಿಂದೆ ಕಾರಿನೊಳಗೆ ಸಿಕ್ಕಿಕೊಂಡು ಬಗ್ಗಿರುವವರು ಯಾರು? ಅದನ್ನು ನೋಡಿದ್ದೀರಾ?

ನಾಳೆ ಕೆಲಸಕ್ಕೆ ಹೋದ ತಕ್ಷಣ, ಹಾಜರಿ ಹಾಕುವುದಕ್ಕೂ ಮೊದಲು, ಪೆಟ್ಟು ಕೊಟ್ಟವನು ಕೈ ಚಾಚಿದ್ದರೆ ಕೀ ಕೊಟ್ಟುಬಿಡಿ. ಮಾತಿಗೆ ಕಾಯಬೇಡಿ, ಕಾದಷ್ಟೂ ಒಳಗೆ ತುಕ್ಕು. ಪೆಟ್ಟು ಕೊಟ್ಟವರು ನೀವೇ ಆಗಿದ್ದರೆ ಸುತ್ತಿಗೆ ಆಮೇಲೆ ಎತ್ತಿ, ಮೊದಲು ಬಾಯಿ ತೆರೆಯಿರಿ. ದೃಷ್ಟಿ ಹೋಯ್ತು ಎನ್ನಬೇಡಿ ದಯವಿಟ್ಟು. ಅದೆಲ್ಲ ನಾಳೆಯ ಮಾತು. ಈಗ ಇಲ್ಲಿಂದ ಎದ್ದು ಮನೆಗೆ ಹೋಗುತ್ತೀರಲ್ಲ, ಹೋದಕೂಡಲೇ ಮನೆಯವರನ್ನು ಕೂರಿಸಿಕೊಂಡು ಕೇಳಿ: ನನ್ನ ಜಗಳದಿಂದ ನಿನಗೆಲ್ಲಿ ನೋಯುತ್ತಿದೆ? ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಿ. ಕೇಳಿಸಿಕೊಂಡು ಕಾಫಿ ಮಾತ್ರ ಕೇಳಬೇಡಿ. ಹೇಳಬೇಕಾದದ್ದನ್ನು ಹೇಳಿ.