ಸೆನೆಟರ್ ಥ್ರಾಶರ್ ನನ್ನನ್ನು ತಳ್ಳಲಿಲ್ಲ

ನನ್ನ ಹೆಸರು ಲೋವೆಲ್ ಗ್ರಾಟ್ಸ್. ವಯಸ್ಸು 62. ಕಸುಬು, ಔತಣಕೂಟಗಳಲ್ಲಿ ರಾಜಕಾರಣಿಗಳ ಕಾಲೆಳೆಯುವುದು. ಅರ್ಜಿಗಳಲ್ಲಿ ಮಾತ್ರ ‘ಮನರಂಜನೆ’ ಎಂದು ಬರೆಯುತ್ತೇನೆ. ವಾಸ, 418, ಟ್ಯಾನರ್ ಸ್ಟ್ರೀಟ್, ಎರಡನೆಯ ಮಹಡಿ, ಕಾಲ್ಡರ್‌ಟನ್. ಬಲ ಮಣಿಕಟ್ಟು ಮುರಿದು ಈ ಆಸ್ಪತ್ರೆಯ 11ನೆಯ ಹಾಸಿಗೆಯಲ್ಲಿರುವ ನಾನು, ಇಂದು ಭಾನುವಾರ 17-3-2019ರ ಬೆಳಿಗ್ಗೆ 9.20ಕ್ಕೆ ಇಲ್ಲಿಗೆ ಬಂದ ಡಿಟೆಕ್ಟಿವ್ ಬ್ರೆಂಡಾ ಕಾಸ್ಟಿಗನ್ ಅವರ ಮುಂದೆ, ನೋವಿನ ಮಾತ್ರೆ ನುಂಗುವುದಕ್ಕೆ ಮೊದಲು, ಪೂರ್ತಿ ಎಚ್ಚರದಲ್ಲಿ ಬರೆಸುತ್ತಿರುವುದೇನೆಂದರೆ:

ಶಾಸನಸಭೆಯ ಸುದ್ದಿ ಬರೆಯುವ ವರದಿಗಾರರ ಸಂಘ ಪ್ರತಿ ಮಾರ್ಚ್ ತಿಂಗಳು ಹೋಟೆಲ್ ಮಾರ್ಕ್ವಾರ್ಟ್‌ನಲ್ಲಿ ಒಂದು ಭೋಜನಕೂಟ ನಡೆಸುತ್ತದೆ. ಗವರ್ನರ್ ಬರುತ್ತಾರೆ, ಸೆನೆಟರುಗಳು ಬರುತ್ತಾರೆ, ಅವರಿಂದ ಕೆಲಸ ಆಗಬೇಕಾದವರು ಬರುತ್ತಾರೆ. ನಾನು ನಲವತ್ತು ನಿಮಿಷ ನಿಂತು ಅವರೆಲ್ಲರ ಕಾಲೆಳೆಯುತ್ತೇನೆ. ಕೊನೆಗೆ ಗವರ್ನರ್ ಎದ್ದು ನನ್ನ ಕಾಲೆಳೆಯುತ್ತಾರೆ. 2001ರಿಂದ ಇದು ನನ್ನ ಕೆಲಸ. ಬಡಿಸುವ ಕೋಳಿಯೂ ಅಂದಿನಿಂದ ಅದೇ. ಆ ಕೋಳಿಯ ಬಗ್ಗೆ ನಾನು ಹೇಳುವ ಮಾತೂ ಅದೇ. ಎರಡನ್ನೂ ಜನ ಅಭ್ಯಾಸಬಲದಿಂದ ನುಂಗುತ್ತಾರೆ.

ಈ ಕೂಟದ ಒಂದು ರೂಢಿಯನ್ನು ತನಿಖೆಯ ದೃಷ್ಟಿಯಿಂದ ಹೇಳಬೇಕು. ಹೆಸರು ಹಿಡಿದು ಹೀಯಾಳಿಸಿದರೆ ಇಲ್ಲಿ ಯಾರಿಗೂ ಅವಮಾನವಿಲ್ಲ. ಹೆಸರು ಎತ್ತದೆ ಬಿಟ್ಟರೆ ಅವಮಾನ. ಯಾರ ಕಾಲನ್ನು ಎಳೆಯಲಿಲ್ಲವೋ ಅವರಿಗೆ ನಿಲ್ಲಲು ಕಾಲಿಲ್ಲ ಎಂದು ಸಭೆ ತಿಳಿಯುತ್ತದೆ. ಫೆಬ್ರುವರಿಯಲ್ಲಿ ಸೆನೆಟರುಗಳ ಸಹಾಯಕರು ನನಗೆ ಫೋನ್ ಮಾಡಿ, ನಮ್ಮ ಸಾಹೇಬರಿಗೂ ಎರಡು ಬಿಡಿ ಸಾರ್, ಸ್ವಲ್ಪ ಖಾರವಾಗಿಯೇ ಇರಲಿ ಎಂದು ಕೇಳಿಕೊಳ್ಳುತ್ತಾರೆ.

ಸೆನೆಟರ್ ವೆಂಡೆಲ್ ಥ್ರಾಶರ್ ಅವರಿಗೆ ಈಗ 78 ವರ್ಷ. ಅವರ ಪರವಾಗಿ ಯಾವ ಸಹಾಯಕನೂ ಎಂದೂ ಫೋನ್ ಮಾಡಲಿಲ್ಲ. 2001ರ ಜನವರಿಯ ಮೊದಲ ಭಾನುವಾರ ಮಧ್ಯಾಹ್ನ 2 ಗಂಟೆಗೆ ಅವರ ಹೆಂಡತಿ ಯೂಲಾ ಥ್ರಾಶರ್ ನನಗೆ ಫೋನ್ ಮಾಡಿದರು. ಸೆನೆಟರು ಊಟ ಮಾಡಿ ಮಲಗುವ ಹೊತ್ತು ಅದು. “ನೋಡಪ್ಪಾ ಲೋವೆಲ್, ನನ್ನ ಗಂಡನ ವಿಗ್ಗಿನ ಬಗ್ಗೆ ಒಂದು ಮಾತು ಹೊಳೆದಿದೆ, ಬರ್ಕೋ. ನಾನು ಹೇಳಿದ್ದು ಅಂತ ಮಾತ್ರ ಅವನಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ತಲೆ ಕೂದ್ಲು ಕಿತ್ಕೊಂಡ್ಬಿಡ್ತಾನೆ. ಇದ್ದಿದ್ರೆ” ಎಂದು ಹೇಳಿದರು. ನಾನು ಮಾತು ಕೊಟ್ಟೆ. ಆ ಬಳಿಕ ಪ್ರತಿ ವರ್ಷ ಅದೇ ಭಾನುವಾರ, ಅದೇ 2 ಗಂಟೆಗೆ ಫೋನ್ ಬರುತ್ತಿತ್ತು. ಹೀಗೆ ಹದಿನೆಂಟು ವರ್ಷ, ಹದಿನೆಂಟು ಮಾತು. ಮಾದರಿಗೆ 2009ರದು: “ಸೆನೆಟರ್ ಥ್ರಾಶರ್ ಎರಡು ಸಲ ಪಕ್ಷ ಬದಲಾಯಿಸಿದ್ದಾರೆ. ವಿಗ್ಗನ್ನು ಒಂದು ಸಲವೂ ಬದಲಾಯಿಸಿಲ್ಲ. ನಿಷ್ಠೆ ಅಂದರೆ ಇದು.”

ಸಭೆಯಲ್ಲಿ ಅತಿ ಜೋರಾಗಿ ನಗುತ್ತಿದ್ದವರು ಸೆನೆಟರೇ. ಯೂಲಾ ಅವರು ಪಕ್ಕದಲ್ಲಿ ಕೂತು, ಛೇ ಪಾಪ ಎನ್ನುವ ಮುಖ ಮಾಡಿಕೊಂಡು ಅವರ ತೋಳು ಸವರುತ್ತಿದ್ದರು. ಅಷ್ಟು ಚೆನ್ನಾಗಿ ಅಭಿನಯಿಸಬಲ್ಲವರನ್ನು ನಾನು ನನ್ನ ಕಸುಬಿನಲ್ಲೂ ಕಂಡಿಲ್ಲ.

ಕಳೆದ ವರ್ಷ ಮಾತ್ರ ಫೋನ್ ಬೇಗ ಬಂತು. 2018ರ ಅಕ್ಟೋಬರ್ 2, ಮಂಗಳವಾರ, ಬೆಳಿಗ್ಗೆ 11 ಗಂಟೆ. ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ, ಜನವರಿಗೆ ನಾನು ಸಿಗುವುದು ಅನುಮಾನ, ಈಗಲೇ ಬರೆದುಕೋ ಎಂದರು. ಬರೆದುಕೊಂಡೆ. ಹಾಗೆಲ್ಲ ಮಾತಾಡಬೇಡಿ ಅಮ್ಮಾ ಎಂದೆ. “ನೀನು ಗಂಭೀರವಾಗ್ಬೇಡ ಮಾರಾಯಾ, ಚೆನ್ನಾಗಿರಲ್ಲ” ಎಂದು ಫೋನ್ ಇಟ್ಟರು. ನವೆಂಬರ್ 21ರಂದು ತೀರಿಕೊಂಡರು.

ನಿನ್ನೆ ಶನಿವಾರ 16-3-2019ರಂದು ಸಂಜೆ 4.30ಕ್ಕೆ, ಬಟ್ಟೆ ಬದಲಿಸಲೆಂದು ಹೋಟೆಲಿನವರು ಕೊಟ್ಟಿದ್ದ 614ನೆಯ ಕೋಣೆಯಲ್ಲಿ ಕೂತು ನನ್ನ ಹಾಳೆಗಳನ್ನು ಕೊನೆಯ ಸಲ ಓದಿದೆ. 9ನೆಯ ಹಾಳೆಯಲ್ಲಿ ಯೂಲಾ ಅವರ ಮಾತಿತ್ತು. ಹೆಂಡತಿ ಸತ್ತು ನಾಲ್ಕು ತಿಂಗಳಾಗದ ಮನುಷ್ಯನ ಮುಂದೆ ಇದನ್ನು ಹೇಳುವುದು ಬೇಡ ಅನ್ನಿಸಿತು. ಪೆನ್ಸಿಲಿನಿಂದ ಅಡ್ಡಗೀಟು ಎಳೆದೆ. ಬೇರೆ ಮಾತು ಹಾಕಲಿಲ್ಲ. ಈ ಕೂಟದಲ್ಲಿ ಯಾರಿಗೂ ಬಡಿಸಬಾರದ ಒಂದೇ ಪದಾರ್ಥ ಕರುಣೆ. ಹದಿನೆಂಟು ವರ್ಷ ಈ ಕೆಲಸ ಮಾಡಿದವನಿಗೆ ಇದು ಗೊತ್ತಿರಬೇಕಿತ್ತು. ಈ ಪ್ರಕರಣದಲ್ಲಿ ತಪ್ಪು ಎಂಬುದೇನಾದರೂ ಇದ್ದರೆ ಅದು ಆ ಪೆನ್ಸಿಲ್ ಗೀಟು. ಗೀಟು ಎಳೆದವನು ನಾನು.

ರಾತ್ರಿ 8.06ಕ್ಕೆ ವೇದಿಕೆ ಹತ್ತಿದೆ. ಸೆನೆಟರ್ ಥ್ರಾಶರ್ 4ನೆಯ ಮೇಜಿನಲ್ಲಿದ್ದರು. ಅವರ ಎಡಗಡೆಯ ಕುರ್ಚಿ ಖಾಲಿಯಿತ್ತು, ಅದರ ಮುಂದೆಯೂ ತಟ್ಟೆ ಇಟ್ಟಿದ್ದರು. ಬಲಗಡೆ ಸಿಮೆಂಟ್ ಕಂಪನಿಗಳ ಪರವಾಗಿ ಓಡಾಡುವ ಒಬ್ಬರು ಕೂತಿದ್ದರು. ನಾನು ಸಾಮಾನ್ಯವಾಗಿ ಥ್ರಾಶರ್ ಅವರನ್ನು ಹಿಡಿದುಕೊಳ್ಳುವ ಹೊತ್ತು 8.25. ಅಷ್ಟು ಹೊತ್ತಿಗೆ ಅವರು ಚಮಚ ಕೆಳಗಿಟ್ಟು, ಕುರ್ಚಿಯನ್ನು ವೇದಿಕೆಯ ಕಡೆ ತಿರುಗಿಸಿ, ನಗಲು ಸಿದ್ಧವಾಗಿ ಕೂತದ್ದನ್ನು ನೋಡಿದೆ. ನಾನು ಅವರನ್ನು ಬಿಟ್ಟು, ಸಾರಿಗೆ ಇಲಾಖೆಯ ಕಾಲೆಳೆಯಲು ಹೋದೆ. 8.31ಕ್ಕೆ ಪಕ್ಕದ ಸಿಮೆಂಟಿನವರು ಕುರ್ಚಿಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿ, ಮುಂದಿನ ಮೇಜಿನವರ ಜೊತೆ ಮಾತಿಗೆ ಕೂತರು. ಆಮೇಲೆ ಈ ಕಡೆ ತಿರುಗಲಿಲ್ಲ. ಸೆನೆಟರು ಇನ್ನೂ ವೇದಿಕೆಯನ್ನೇ ನೋಡುತ್ತಿದ್ದರು. ಈಗ ಎರಡೂ ಕಡೆ ಅವರಿಗೆ ಯಾರೂ ಇರಲಿಲ್ಲ.

8.46ಕ್ಕೆ ಮುಗಿಸಿದೆ. ಗವರ್ನರ್ ಮಾತಾಡುವುದು 8.55ಕ್ಕೆ, ನಡುವೆ ಸಿಹಿ ಬಡಿಸುತ್ತಾರೆ. ನಾನು ಮೈಕಿನ ಮುಂದೆ ನಿಂತು ಹಾಳೆ ಜೋಡಿಸುತ್ತಿರುವಾಗ, 8.48ಕ್ಕೆ, ಸೆನೆಟರ್ ಥ್ರಾಶರ್ ವೇದಿಕೆಯ ಎಡಗಡೆಯ ಮೂರು ಮೆಟ್ಟಿಲುಗಳನ್ನು ಹತ್ತಿ ಬಂದರು. ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಂತರು. ಮೈಕ್ ಆನ್ ಆಗಿತ್ತು. ಕಸುಬಿನ ಅಭ್ಯಾಸದಂತೆ ಅದನ್ನು ಎಡ ಅಂಗೈಯಿಂದ ಮುಚ್ಚಿದೆ. ಆದ್ದರಿಂದ ಮುಂದಿನ ಮಾತುಗಳನ್ನು ಕೇಳಿದವರು ನಾವಿಬ್ಬರೇ.

“ಏನಯ್ಯಾ ಗ್ರಾಟ್ಸ್, ಹದಿನೆಂಟು ವರ್ಷ ನನ್ನ ತಲೆ ಮೇಲೆ ಕೂತು ಅನ್ನ ತಿಂದಿದೀಯ. ಈ ಸಲ ನಾನೇನು ಸತ್ತೋದ್ನಾ? ಸತ್ತಿದ್ದು ಅವಳು ಕಣಯ್ಯಾ, ನಾನಲ್ಲ” ಎಂದರು.

ನೋವಾಗಬಾರದು ಅಂತ ಬಿಟ್ಟೆ ಸೆನೆಟರೇ, ಕ್ಷಮಿಸಿ ಎಂದೆ.

“ನೋವಾಗ್ದೇ ಇರೋಕೆ ಇಲ್ಲಿಗೆ ಯಾರಯ್ಯಾ ಬರ್ತಾರೆ? ಈ ಕೋಳಿ ತಿನ್ನೋಕಾ?” ಎಂದರು. ಒಂದಾದರೂ ಹೇಳು, ಈಗಲೇ ಹೇಳು, ಹಳೆಯದಾದರೂ ಪರವಾಗಿಲ್ಲ, ಮೈಕ್ ಮೇಲಿನ ಕೈ ತೆಗಿ ಎಂದರು.

ಆಗ ನಾನು, ಹದಿನೆಂಟು ವರ್ಷ ಇಟ್ಟುಕೊಂಡಿದ್ದ ಮಾತನ್ನು ಮುರಿದೆ. ನಿಮ್ಮ ಬಗ್ಗೆ ನನ್ನ ಹತ್ತಿರ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇದ್ದದ್ದೆಲ್ಲ ಯೂಲಾ ಅಮ್ಮನವರದು. ಜನವರಿಯ ಮೊದಲ ಭಾನುವಾರ ನೀವು ಮಲಗಿದಾಗ ಫೋನ್ ಮಾಡಿ ಬರೆಸುತ್ತಿದ್ದರು ಎಂದು ತಿಳಿಸಿದೆ.

ಸೆನೆಟರು ಏಳು ಸೆಕೆಂಡು ಸುಮ್ಮನಿದ್ದರು. ವೇದಿಕೆಯ ಮೇಲಿನ ಮೌನ ಎಣಿಸುವುದು ನನ್ನ ಕಸುಬು, ಈ ಲೆಕ್ಕದಲ್ಲಿ ತಪ್ಪಿಲ್ಲ. ಆಮೇಲೆ, “ಎಲ್ಲಾನೂ?” ಎಂದು ಕೇಳಿದರು. ಎಲ್ಲವೂ ಎಂದೆ. “ಆ ಪಕ್ಷ ಬದಲಾಯಿಸಿದ್ದು?” ಎಂದರು. ಅದೂ ಎಂದೆ. “ಕಳ್ಳಿ” ಎಂದರು. ಈ ಪದ ನನ್ನ ಬಗ್ಗೆ ಅಲ್ಲವೆಂದು ಸ್ಪಷ್ಟಪಡಿಸುತ್ತೇನೆ. ಬಳಿಕ, ಈ ವರ್ಷಕ್ಕೇನಾದರೂ ಕೊಟ್ಟಿದ್ದಳಾ ಎಂದು ಕೇಳಿದರು. ಹೌದು ಎಂದು, 9ನೆಯ ಹಾಳೆಯಲ್ಲಿ ಗೀಟು ಎಳೆದಿದ್ದ ಮಾತನ್ನು ಅವರ ಕಿವಿಯ ಹತ್ತಿರ ಹೇಳಿದೆ.

ಆ ಮಾತು ಏನೆಂದು ಬರೆಸದಿದ್ದರೆ ಮುಂದಿನದು ಕೋರ್ಟಿಗೆ ಅರ್ಥವಾಗುವುದಿಲ್ಲ ಎಂದು ಡಿಟೆಕ್ಟಿವ್ ಕಾಸ್ಟಿಗನ್ ಒತ್ತಾಯಿಸಿದ್ದರಿಂದ, ಯೂಲಾ ಅವರು ಫೋನಿನಲ್ಲಿ ಹೇಳಿದ ಹಾಗೆಯೇ ಬರೆಸುತ್ತಿದ್ದೇನೆ: “ನಾನು ಹೋದ ಮೇಲೆ ಆ ಮನೇಲಿ ಇಬ್ರೇ ಉಳಿಯೋದು, ವೆಂಡೆಲ್ಲು ಮತ್ತು ಅವನ ವಿಗ್ಗು. ಇಬ್ರಲ್ಲಿ ಇಟ್ಟ ಜಾಗದಲ್ಲಿ ಇರೋದು ವಿಗ್ಗು ಒಂದೇ. ಮನೆ ವಿಷಯ ಏನಾದ್ರೂ ತೀರ್ಮಾನ ಆಗ್ಬೇಕಿದ್ರೆ ಅದನ್ನೇ ಕೇಳಿ.”

ಸೆನೆಟರು ನಗಲು ಶುರು ಮಾಡಿದರು. ಶಬ್ದವಿರಲಿಲ್ಲ. ಮೊದಲು ಭುಜ ಅಲುಗಿತು, ಆಮೇಲೆ ಎದೆ, ಆಮೇಲೆ ಮಂಡಿ ಕುಸಿಯಿತು. ಬೀಳದಿರಲೆಂದು ಎರಡೂ ಕೈಗಳಿಂದ ನನ್ನ ಕೋಟಿನ ಕಾಲರ್ ಹಿಡಿದರು. ಅವರ ಭಾರ ತಡೆಯಲು ನಾನು ಒಂದು ಹೆಜ್ಜೆ ಹಿಂದಿಟ್ಟೆ. ನನ್ನ ಹಿಂದೆ ಉಳಿದಿದ್ದ ವೇದಿಕೆ 14 ಅಂಗುಲ. ನನ್ನ ಹೆಜ್ಜೆ ಅದಕ್ಕಿಂತ ದೊಡ್ಡದು. ವೇದಿಕೆಯ ಎತ್ತರ 2 ಅಡಿ 8 ಅಂಗುಲ. ಕಾಲೆಳೆಯುವವನು ಕಾಲು ಜಾರಿ ಬಿದ್ದ ಹೊತ್ತು 8.52. ಸೆನೆಟರು ವೇದಿಕೆಯ ಅಂಚಿನಲ್ಲಿ ಕುಸಿದು ಕೂತರು. ಅವರ ವಿಗ್ ನನ್ನ ಜೊತೆ ಕೆಳಗೆ ಬಂದು, ಬಡಿಸುವವರ ಕೈಯಿಂದ ಬಿದ್ದ ಚೀಸ್‌ಕೇಕಿನಿಂದ ಕೂದಲೆಳೆಯಷ್ಟರಲ್ಲಿ ಪಾರಾಗಿ, ನನ್ನ ಎದೆಯ ಮೇಲೆ ನಿಂತಿತು.

ಸಂಘದ ಅಧ್ಯಕ್ಷೆ ಗ್ವೆನ್ ಹಾರ್ಟ್ಸೆಲ್ 40 ಅಡಿ ದೂರದಿಂದ ನೋಡಿ, ಸೆನೆಟರು ಕಾಲರ್ ಹಿಡಿದು ತಳ್ಳಿದರು ಎಂದು ಪೊಲೀಸರಿಗೆ ಫೋನ್ ಮಾಡಿದ್ದಾರೆ. ಆಕೆ ಸುಳ್ಳು ಹೇಳುವವರಲ್ಲ. 40 ಅಡಿಯಿಂದ ನೋಡಿದರೆ ನಗು, ಅಳು, ಜಗಳ ಮೂರೂ ಒಂದೇ ಥರ ಕಾಣುತ್ತವೆ.

ಇಂದು ಬೆಳಿಗ್ಗೆ 7.10ಕ್ಕೆ ಸೆನೆಟರ್ ಥ್ರಾಶರ್ ಈ ಹಾಸಿಗೆಯ ಪಕ್ಕದ ಫೋನಿಗೆ ಕರೆ ಮಾಡಿದರು. ಕೈ ಹೇಗಿದೆ ಎಂದು ವಿಚಾರಿಸಿದರು. ಆಮೇಲೆ, “ನಾನೇ ತಳ್ಳಿದೆ ಅಂತ ಪೊಲೀಸ್ರಿಗೆ ಹೇಳ್ಬಿಟ್ಟಿದೀನಿ. ನೀನೂ ಹಾಗೇ ಹೇಳು” ಎಂದರು. ನಾಳೆ ಸೋಮವಾರ ಹತ್ತು ಗಂಟೆಗೆ ಸೆನೆಟಿನ ಶಿಸ್ತು ಸಮಿತಿ ಸೇರುತ್ತದೆ, ತಳ್ಳಿದ್ದು ನಿಜವೆಂದಾದರೆ ಮೂವತ್ತೊಂದು ವರ್ಷದ ಸೀಟು ಹೋಗುತ್ತದೆ ಸೆನೆಟರೇ ಎಂದೆ. “ಹೋಗ್ಲಿ ಬಿಡು. ಹೆಂಡ್ತಿ ಮಾತಿಗೆ ಮಂಡಿ ಸೋತು ನಿನ್ನ ಕೊರಳಿಗೆ ಜೋತುಬಿದ್ದೆ ಅಂತ ಪೇಪರ್‌ನವ್ರ ಬಾಯಿಗೆ ಅವಳನ್ನ ಹಾಕ್ಲಾ? ಈ ವಯಸ್ಸಲ್ಲೂ ಒಬ್ಬನ್ನ ತಳ್ಳೋ ಶಕ್ತಿ ಇದೆ ಅಂತಾದ್ರೂ ಬರ್ಕೊಳ್ಲಿ” ಎಂದರು. ನಾನು ಒಪ್ಪಲಿಲ್ಲ. “ನೀನು ಅವಳಿಗೆ ಕೊಟ್ಟ ಮಾತು ಆಗ್ಲೇ ಒಂದು ಸಲ ಮುರಿದಿದೀಯ” ಎಂದರು. ಹೌದು, ಎರಡನೆಯ ಸಲವೂ ಮುರಿಯುತ್ತೇನೆ, ಆಕೆ ಇದ್ದಿದ್ದರೆ ಮೊದಲು ನಿಮಗೆ ಬೈದು ಆಮೇಲೆ ನನಗೆ ಬೈಯುತ್ತಿದ್ದರು ಎಂದೆ. ಅವರು ಫೋನ್ ಇಟ್ಟರು.

ಆದ್ದರಿಂದ ಸೆನೆಟರ್ ಥ್ರಾಶರ್ ನನ್ನನ್ನು ತಳ್ಳಲಿಲ್ಲ, ನನ್ನನ್ನು ಹಿಡಿದುಕೊಂಡರು. ಅವರ ಮೇಲೆ ನನ್ನ ದೂರು ಯಾವುದೂ ಇಲ್ಲ. ಈ ಹೇಳಿಕೆ ಸಮಿತಿಗೆ ಹೋಗಲಿ. ಪೇಪರಿನವರಿಗೆ, ಕಾನೂನು ಬಿಟ್ಟ ಮಟ್ಟಿಗೆ, ಹೋಗದಿರಲಿ.

ಒಂದು ವಿನಂತಿ ಇದೆ. ನಿನ್ನೆ ನನ್ನ ಎದೆಯ ಮೇಲಿಂದ ಪೊಲೀಸರು ತೆಗೆದುಕೊಂಡು ಸಾಕ್ಷ್ಯದ ಒಂದನೆಯ ವಸ್ತು ಎಂದು ಚೀಟಿ ಅಂಟಿಸಿರುವ ವಿಗ್ಗನ್ನು ನಾಳೆ ಹತ್ತು ಗಂಟೆಗೆ ಮೊದಲು ಸೆನೆಟರಿಗೆ ತಲುಪಿಸಬೇಕು. ಅವರು ಬರಿತಲೆಯಲ್ಲಿ ಸಮಿತಿಯ ಮುಂದೆ ಕೂರಬಾರದು. ವಿಗ್ಗಿನ ಬೈತಲೆ ಎಡಗಡೆಗೆ ಬರಬೇಕು. ಮನೆಯಲ್ಲಿ ಅದಕ್ಕೊಂದು ಮರದ ಸ್ಟ್ಯಾಂಡ್ ಇದೆ, ಯೂಲಾ ಅವರು ತಂದದ್ದು. ಸಾಧ್ಯವಾದರೆ ಅದರ ಮೇಲೇ ಇಟ್ಟು ಬರಬೇಕು.

ಇಷ್ಟನ್ನೂ ಡಿಟೆಕ್ಟಿವ್ ಕಾಸ್ಟಿಗನ್ ನನಗೆ ಓದಿ ಹೇಳಿದರು. ಓದುವಾಗ ಎರಡು ಕಡೆ ನಕ್ಕರು, ಒಂದು ಕಡೆ ನಿಲ್ಲಿಸಿ ಕಿಟಕಿಯ ಕಡೆ ನೋಡಿದರು. ಆ ಮೂರು ಕಡೆ ಇರುವುದೂ ನಿಜ, ಉಳಿದ ಕಡೆ ಇರುವುದೂ ನಿಜ. ನಕ್ಕ ಆ ಎರಡೂ ಮಾತು ನನ್ನವಲ್ಲ, ಯೂಲಾ ಥ್ರಾಶರ್ ಅವರವು ಎಂದು ಇಲ್ಲಿ ಮೊದಲ ಬಾರಿ ದಾಖಲೆಗೆ ಬರೆಸಿದ್ದೇನೆ.

ಸ್ಥಳ: ಕಾಲ್ಡರ್‌ಟನ್
ದಿನಾಂಕ: 17-3-2019, ಬೆಳಿಗ್ಗೆ 10.35

(ರುಜು) ಲೋವೆಲ್ ಗ್ರಾಟ್ಸ್
ಬಲಗೈ ಪಟ್ಟಿಯಲ್ಲಿರುವುದರಿಂದ ಎಡಗೈಯಲ್ಲಿ