ತಪ್ಪಿಗೊಂದು ಮಾತು

ಅಯ್ಯೋ ಭಾವ, ಮತ್ತೆ ಗಿಣಿ ಮೇಲೆ ಬಕೆಟ್ ನೀರು ಹಾಕ್ತಿದ್ದೀರಲ್ಲ... ಈಗ ತಾನೇ ಹಾಕಿ ಬೈಸ್ಕೊಂಡ್ರಿ. ಹ್ಞಾಂ, ಶುರುವಾಯ್ತು ನೋಡಿ ಗಿಣಿದು. "ನನ್ನ ಸ್ನಾನ ಬೆಳಿಗ್ಗೆನೇ ಆಯ್ತು ಕ್ಯಾಪ್ಟನ್, ನಿಮ್ಮದೇ ಬಾಕಿ. ಹಡಗು ಇನ್ನೂ ದಡ ಮುಟ್ಟಿಲ್ಲ, ನಿಮ್ಮ ವಾಸನೆ ಆಗಲೇ ಮುಟ್ಟಿದೆ." ...ಹೂಂ, ಅಕ್ಕನ ದನಿ. ನನಗೂ ಕೇಳಿಸ್ತು. ಇನ್ನೊಂದ್ಸಲ ಬೇಕಾದ್ರೂ ಕೇಳಿ, ನಾನೇನು ಬೇಡ ಅಂದ್ನಾ.

ಅಲ್ಲ, ಆ ಬೀಗದ ಕೈ ಎಲ್ಲಿದೆ ಅಂತ ನಿಮಗೆ ಗೊತ್ತಿಲ್ವಾ? ಈ ಕಂಪ್ಯೂಟರ್ ಆಟ ಕಟ್ಟಿದವರು ನೀವು. ಪೀಪಾಯಿ ಹಿಂದೆ ಅದನ್ನ ಬಚ್ಚಿಟ್ಟವರೂ ನೀವೇ. ತಗೊಂಡು ಬಾಗಿಲು ತೆಗೆದ್ರೆ ಹಡಗಿನ ಅಡುಗೆಕೋಣೆ, ಅಲ್ಲಿಂದ ನಿಧಿ ಇರೋ ಕಡೆಗೆ ದಾರಿ. ನೀವು ನೋಡಿದ್ರೆ ಕೂತಾಗಿನಿಂದ ಹಡಗಿನ ಮೇಲ್ಗಡೇನೇ ಸುತ್ತುತಾ ಇದ್ದೀರಿ. ನೀರು ಕಂಡ್ರೆ ಹೆದರೋ ಕಡಲುಗಳ್ಳ ಅಂತ ಕಥೆ ಮಾಡಿದ್ರಿ ಸರಿ, ಅವನನ್ನ ಪೆದ್ದನೂ ಮಾಡಿಬಿಟ್ರಿ. ಕತ್ತೀಲಿ ಬೀಗ ಒಡೀತಾನಂತೆ, ಲಂಗರನ್ನ ಜೇಬಿಗೆ ತುರುಕ್ತಾನಂತೆ...

ಓ. ತಪ್ಪು ಮಾಡಿದ್ರೆ ತಾನೇ ಗಿಣಿ ಬಾಯಿ ಬಿಡೋದು. ಸರಿಯಾಗಿ ಆಡಿದ್ರೆ ಅದು ತೆಪ್ಪಗೆ ಕೂತಿರುತ್ತೆ.

ಆಯ್ತು ಭಾವ. ತಪ್ಪೇ ಮಾಡಿ. ಒತ್ತಿ.

"ಜೇಬಲ್ಲಿ ಲಂಗರು ಇಟ್ಕೊಂಡ್ರೆ ಪ್ಯಾಂಟು ಇಲ್ಲೇ ನಿಲ್ಲುತ್ತೆ ಕ್ಯಾಪ್ಟನ್, ನೀವು ಮಾತ್ರ ಮುಂದೆ ಹೋಗ್ತೀರಿ." ...ನಗಬೇಕು ಇಲ್ಲಿ. ನಗಲ್ವಾ? ಅವತ್ತು ಅಕ್ಕ ಇದನ್ನ ಓದಿದಾಗ ಕುರ್ಚಿಯಿಂದ ಬೀಳೋ ಹಾಗೆ ನಕ್ಕಿದ್ರಿ.

ನೆನಪಿದ್ಯಾ, ಮೊದಲು ನೀವು ಎಲ್ಲ ತಪ್ಪಿಗೂ ಸೇರಿ ಒಂದೇ ಮಾತು ಬರೆದಿದ್ರಿ. "ಇದು ಆಗುವುದಿಲ್ಲ." ಏನು ಮಾಡಿದ್ರೂ ಅದೇ. ಅಕ್ಕ ನೋಡಿ, "ಇಷ್ಟು ಒಣಕಲು ಗಿಣೀನ ಯಾರ್ರೀ ಸಾಕ್ತಾರೆ, ಒಂದೊಂದು ತಪ್ಪಿಗೂ ಒಂದೊಂದು ಮಾತು ಬೇಕು" ಅಂತ ತಾನೇ ಬರೆಯೋಕೆ ಕೂತಳು. ಬರೆಯೋದೇನು ಬಂತು, ಮನೇಲಿ ನಿಮಗೆ ಬೈಯೋದನ್ನೇ ತಂದು ಕ್ಯಾಪ್ಟನ್ ತಲೆಗೆ ಕಟ್ಟಿದ್ಲು. ಹಾಸಿಗೆ ಮೇಲೆ ಒದ್ದೆ ಟವೆಲ್ ಬಿಟ್ಟಿದ್ದಕ್ಕೆ ಬೈದದ್ದು ಇಲ್ಲಿ ಒದ್ದೆ ಹಾಯಿಪಟದ ಮಾತಾಗಿದೆ. ಆಮೇಲೆ ಅದನ್ನ ಬೇರೆ ಯಾರ ಕೈಲಾದ್ರೂ ಹೇಳಿಸೋದಕ್ಕೆ ಆಗುತ್ತಾ? ನಿಮಗೆ ಬೈಯೋದಕ್ಕೆ ಅವಳಿಗಿಂತ ಪಳಗಿದ ಬಾಯಿ ಯಾವುದಿದೆ.

ಆಚೆ ಕೋಣೆ ಕಡೆ ಯಾಕೆ ನೋಡ್ತೀರಿ? ಅವರೇ. ಚಿತ್ರ ಬರೆಯೋರು, ಸೌಂಡ್ ನೋಡ್ಕೊಳ್ಳೋರು, ಇಬ್ಬರೂ ಬಂದಿದ್ದಾರೆ. ಬಾಗಿಲು ಹಾಕ್ಕೊಂಡು ಕೂತಿದ್ದಾರೆ, ನಿಮಗೆ ತೊಂದ್ರೆ ಆಗ್ಬಾರ್ದು ಅಂತ. ಪಾಪ, ಅವರೇನು ಮಾಡ್ತಾರೆ. "ಅವಳ ದನಿ ಇಲ್ಲದ ಗಿಣಿ ನನಗೆ ಬೇಡ, ಆಟಾನೇ ಮುಚ್ಚಿಬಿಡಿ" ಅಂತ ನೀವು ಎದ್ದು ಹೋದ್ರಿ. ಹೋದವರು ಈ ಕಡೆ ತಲೆ ಹಾಕ್ಲಿಲ್ಲ. ಅಡುಗೆಕೋಣೆ ಮಾತುಗಳನ್ನ ಅಕ್ಕ ಬರೆದಿಟ್ಟಿದ್ದಳು, ಹೇಳಿ ರೆಕಾರ್ಡ್ ಮಾಡೋದಷ್ಟೇ ಬಾಕಿ, ಅಷ್ಟರಲ್ಲಿ ಆಸ್ಪತ್ರೆ ಸೇರಿದ್ಲು... ಬಾಕಿ ಅಂತ ನಾವೆಲ್ಲ ಅಂದ್ಕೊಂಡಿದ್ವಿ, ಅಷ್ಟೇ. ಈಗ ಸಿಕ್ತಲ್ಲ. ಹೇಳಿಟ್ಟಿದ್ದಾಳೆ. ಅದು ಸಿಕ್ತು ಅಂದಿದ್ದಕ್ಕೆ ತಾನೇ ನೀವು ಇವತ್ತು ಇಲ್ಲಿವರೆಗೆ ಬಂದದ್ದು. ಒಂದ್ಸಲ ಕೇಳಿಬಿಡಿ ಭಾವ. ಕೇಳಿ, ಹೂಂ ಅಂದುಬಿಡಿ. ಆಟ ಹೊರಗೆ ಹೋಗ್ಲಿ. ನಾಲ್ಕು ಜನ ಆಡ್ಲಿ, ನಗ್ಲಿ. ಅವಳು ಆಸೆಪಟ್ಟಿದ್ದು ಅದೊಂದೇ.

ಹಾಂ... ಬೀಗದ ಕೈ ತಗೊಂಡ್ರಾ. ತಗೊಳ್ಳಿ. ತೆಗೀರಿ ಬಾಗಿಲು.

ನೀರು ಕುಡೀತೀರಾ? ...ಬೇಡ್ವಾ. ನನಗೇ ಯಾಕೋ ಬಾಯಿ ಒಣಗ್ತಿದೆ. ಈ ಕೋಣೇಲಿ ಗಾಳಿನೇ ಆಡಲ್ಲ.

ಏನು ಮಾಡ್ತೀರಿ ಈಗ? ಸೌಟು? ಸೌಟನ್ನ ನಕ್ಷೆ ಮೇಲಾ... ಹೂಂ, ಒತ್ತಿ.

"ನಕ್ಷೆಗೆ ಸೌಟು ಹಾಕಿ ತಿರುವಿದ್ರೆ ದ್ವೀಪ ತೇಲಿ ಬರುತ್ತಾ ಕ್ಯಾಪ್ಟನ್? ಹಾಗೇ ಒಂಚೂರು ಉಪ್ಪು ಹಾಕಿ, ಅದೊಂದು ಬಾಕಿ."

ಚೆನ್ನಾಗಿದೆ ಅಲ್ವಾ? ಆ "ಒಂಚೂರು" ಅನ್ನೋದು ಕೇಳಿದ್ರಾ, ಅಕ್ಕನೇ ಎದುರಿಗೆ ನಿಂತು ಮೂಗು ಮುರಿದ ಹಾಗೆ. ಒತ್ತಿ ಇನ್ನೊಂದ್ಸಲ. ...ಯಾಕೆ, ಬೇಡ್ವಾ? ಮೇಲಿನವನ್ನೆಲ್ಲ ಎರಡೆರಡು ಸಲ ಕೇಳಿದ್ರಿ. ಆಯ್ತು, ಬೇರೆ ನೋಡಿ. ಒಲೆ ಮೇಲೆ ಟೋಪಿ ಇಡಿ. "ತಲೆ ಬಿಸಿ ಅಂದ್ರಿ, ಒಪ್ಕೊಂಡೆ. ಟೋಪೀನ ಯಾಕೆ ಬಿಸಿ ಮಾಡ್ತೀರಿ?" ...ಇದಕ್ಕೂ ಇಲ್ವಾ? ಒಂದು ಚೂರೂ ನಗು ಬರ್ಲಿಲ್ವಾ?

ದನಿ ಸ್ವಲ್ಪ ತೆಳು ಅನ್ಸುತ್ತೆ, ಹೌದು. ಹುಷಾರಿರ್ಲಿಲ್ಲ ನೋಡಿ. ಆಸ್ಪತ್ರೆಲೇ ಹೇಳಿದ್ದು, ನನ್ನ ಫೋನಲ್ಲಿ. ಮಂಚದ ಮೇಲೆ ಎದ್ದು ಕೂತು, ದಿಂಬಿಗೆ ಒರಗಿ... ನೀವು ಔಷಧಿ ತರೋದಕ್ಕೆ ಕೆಳಗೆ ಹೋಗಿರ್ತಿದ್ರಲ್ಲ, ಆಗ. "ನಿಮ್ಮ ಭಾವಂಗೆ ಹೇಳ್ಬೇಡ ಕಣೆ" ಅಂದ್ಲು. ಅದಕ್ಕೇ ನಾನೂ ಇಷ್ಟು ದಿನ...

ಯಾಕೆ ಹಾಗೆ ನೋಡ್ತೀರಿ?

ಏನಾದ್ರೂ ಅನ್ನಿ ಭಾವ.

...ಔಷಧಿ ತರ್ತಿದ್ದವಳು ನಾನು. ಅಲ್ವಾ. ಆ ಮೆಟ್ಟಿಲು ಹತ್ತಿ ಇಳಿದವಳು ನಾನು. ನೀವು ಕೆಳಗೆ ಹೋಗಲೇ ಇಲ್ಲ. ಅವಳ ಪಕ್ಕದ ಕುರ್ಚಿ ಬಿಟ್ಟು ಏಳಲೇ ಇಲ್ಲ. ಅವಳಿಗೆ ಎದ್ದು ಕೂರೋದಕ್ಕೂ ಆಗ್ತಿರ್ಲಿಲ್ಲ, ಅದೂ ನಿಮಗೆ ಗೊತ್ತು. ನಾನೊಬ್ಬಳು... ಯಾರ ಮುಂದೆ ಯಾವ ಸುಳ್ಳು ಹೇಳ್ಬೇಕು ಅಂತಾನೂ ತಿಳೀದವಳು.

ಮೊದಲನೇ ಮಾತಿಗೇ ಗೊತ್ತಾಯ್ತಾ? ಸೌಟಿಗೇ? ಮತ್ತೆ ಸುಮ್ನೆ ಯಾಕೆ ಕೇಳ್ತಾ ಕೂತ್ರಿ, ಬೈಬಾರ್ದಿತ್ತಾ.

ಹೌದು, ನಾನೇ. ಆಚೆ ಇರೋರಿಗೂ ಗೊತ್ತು, ಅವರನ್ನ ಏನೂ ಅನ್ಬೇಡಿ, ಬೇಡ ಬೇಡ ಅಂದಿದ್ರು. ನಾನೇ ಹಟ ಮಾಡ್ದೆ. ನಮ್ಮಿಬ್ಬರದೂ ಒಂದೇ ದನಿ ಅಂತ ಮೊದಲಿನಿಂದ ಎಲ್ಲರೂ ಅನ್ನೋದೇ ತಾನೇ? ಮದುವೆಗೆ ಮುಂಚೆ ಫೋನಲ್ಲಿ ನೀವೇ ಎಷ್ಟು ಸಲ ಬೇಸ್ತು ಬಿದ್ದಿದ್ದೀರಿ. ಆ ಧೈರ್ಯದ ಮೇಲೆ ಮಾಡ್ದೆ. ಮೋಸ ಮಾಡ್ಬೇಕು ಅಂತ ಅಲ್ಲ ಭಾವ. ಅವಳ ಕೆಲಸ ಅರ್ಧಕ್ಕೆ ನಿಂತುಹೋಗೋದನ್ನ ನೋಡೋಕೆ ಆಗ್ಲಿಲ್ಲ.

ಎಲ್ಲಿ ಹೇಳ್ದೆ ಗೊತ್ತಾ? ಅಮ್ಮನ ಮನೇಲಿ, ಅಕ್ಕನ ಬಟ್ಟೆ ಬೀರು ಒಳಗೆ. ಬಟ್ಟೆ ತೂಗುಹಾಕಿರೋ ಕಡೆ ದನಿ ಮಾರ್ದನಿ ಆಗಲ್ಲ, ಅಲ್ಲೇ ಹೇಳಿ ಅಂದಿದ್ರು ಸೌಂಡಿನವರು. ಬಾಗಿಲು ಎಳ್ಕೊಂಡು, ಮೊಣಕಾಲು ಮಡಚಿ, ಅವಳ ಬಟ್ಟೆಗಳ ಮಧ್ಯೆ ಕೂತು ಹೇಳ್ದೆ. ಹೇಳಿದ್ದನ್ನೇ ಹೇಳ್ದೆ, ಅವಳ ಹಾಗೆ ಆಗೋವರೆಗೂ. ಒಂದಿನ ಹೊರಗಿಂದ ಅಮ್ಮ ಕೂಗಿದ್ರು. ಅಕ್ಕನ ಹೆಸರು ಹಿಡಿದು. "ಯಾವಾಗ ಬಂದ್ಯೇ? ಬಾಗಿಲು ಸದ್ದಾಗಿದ್ದೇ ಗೊತ್ತಾಗ್ಲಿಲ್ಲ. ಊಟ ಆಯ್ತಾ?"

ನಾನು ಉಸಿರು ಬಿಗಿಹಿಡಿದು ಕೂತೆ. ಎಷ್ಟು ಹೊತ್ತು ಅಂತ ಕೂರೋದು. ತೆಗೆದು ಹೊರಗೆ ಬಂದೆ.

ಅಮ್ಮ ನನ್ನ ನೋಡಿದ್ರು ಭಾವ. ನೋಡಿ ಮುಖ ಇಳಿದುಹೋಯ್ತು. ಹೆತ್ತ ತಾಯಿ... ನನ್ನನ್ನ ನೋಡಿ, ಇವಳಾ, ಅನ್ನೋ ಹಾಗೆ. ಬೈಲಿಲ್ಲ. ಅಳಲೂ ಇಲ್ಲ. ಮಂಚದ ತುದೀಲಿ ಕೂತು, "ಒಳಗೆ ಹೋಗಿ ಇನ್ನೊಂದ್ಸಲ ಹೇಳು" ಅಂದ್ರು. ಹೋದೆ. ಹೇಳ್ದೆ. ಮಾರನೇ ದಿನಾನೂ ಕೇಳಿದ್ರು. ಈಗ ದಿನಾ ಕೇಳ್ತಾರೆ. ನಾನು ಎದುರಿಗೆ ಕೂತು ಮಾತಾಡಿದ್ರೆ ಕಿವಿಗೆ ಹಾಕ್ಕೊಳ್ಳಲ್ಲ, ಬೀರು ಒಳಗೆ ಹೋಗಿ ಕೂತ್ರೆ ಕಣ್ಣು ಮುಚ್ಕೊಂಡು ಕೇಳ್ತಾರೆ.

ಯಾರಿಗೂ ಹೇಳಿರ್ಲಿಲ್ಲ ಇದನ್ನ.

ಆಟ ಬಿಡೋದು, ಮುಚ್ಚೋದು ಎಲ್ಲ ನಿಮಗೇ ಬಿಟ್ಟದ್ದು. ನಾನು ಹೇಳಿದ್ದನ್ನೆಲ್ಲ ಅಳಿಸಿಹಾಕಿ ಅಂದ್ರೂ ಅಳಿಸ್ತೀನಿ. ಈಗಲೇ. ಸರೀರಿ, ಮೌಸ್ ಕೊಡಿ ಇಲ್ಲಿ.

...ಕೊಡಿ ಭಾವ.

ಏನು ಮಾಡ್ತಿದ್ದೀರಿ? ಸೌಟಾ? ಮತ್ತೆ ನಕ್ಷೆ ಮೇಲಾ? ಬೇಡ. ಅದು ಅವಳಲ್ಲ ಅಂತ ಗೊತ್ತಾಯ್ತಲ್ಲ, ಗೊತ್ತಿದ್ದೂ ಯಾಕೆ ಒತ್ತುತೀರಿ...

ಯಾಕೆ ಕಣ್ಣು ಮುಚ್ಕೊಂಡ್ರಿ?

ನೀವೂನಾ. ಅಮ್ಮ ಒಬ್ಬರು ಸಾಲದು ಅಂತ ನೀವೂನಾ ಭಾವ... ಬೇಡ, ಕಣ್ಣು ಬಿಡಿ. ನನ್ನ ಕಡೆ ತಿರುಗಿ ಒಂದು ಸಲ. ಹೋದವಳು ನನಗೂ ಅಕ್ಕ. ಅವಳು ಹೋದ ಮೇಲೆ ನೀನು ಹೇಗಿದ್ದೀಯ ಅಂತ ನನ್ನನ್ನ ಒಬ್ಬರೂ ಕೇಳ್ಲಿಲ್ಲ.