ಗುರವ್ವಾಯಿಯ ಹಿತ್ತಾಳೆ ವಾಟಿ

ನನ್ನ ಗಂಡ ಅನಿಲನ ಮಣ್ಣಿಗೆ ಬಂದವರೆಲ್ಲ ಹೋದ ಮೇಲಿನ ಮೊದಲ ಬೆಳಗು. ಎಂದಿನಂತೆ ಹಾಲು ಬಂತು. ನಾನು ಚಹಾಕ್ಕಿಟ್ಟೆ. ಸೋಸುವಾಗ ನೋಡಿದರೆ ಕಪ್ಪುಗಳು ಎಂದಿನಷ್ಟೇ ಇದ್ದವು. ಒಂದನ್ನು ತೆಗೆದು ಬೋರಲು ಹಾಕಿದೆ.

ಹಿತ್ತಲ ಬಾಗಿಲ ಕಟ್ಟೆಯ ಮೇಲೆ ಒಂದು ಹಿತ್ತಾಳೆ ವಾಟಿ ಇತ್ತು. ತೊಳೆದಿಟ್ಟ ಸಣ್ಣ ಬಟ್ಟಲು. ಒಳಗೆ ಹಿಡಿಯಷ್ಟು ಹುಣಸೆ ಬೀಜ. ತಳದಲ್ಲಿ ಸವೆದ ಅಕ್ಷರ: ಗುರವ್ವ.

"ಅನಿಲ ಇಸಕೊಂಡು ಬಂದಿರಬೇಕು," ಎಂದರು ಅತ್ತೆ. "ಆಕೀಗೆ ತೊಕ್ಕು ಬೇಕಾಗಿತ್ತಲ್ಲ."

ಆಕೆ ಎಂದರೆ ರೂಪಾಲಿ, ಅನಿಲನ ತಂಗಿ. ಅತ್ತೆ ಅವಳ ಹೆಸರು ಹೇಳುವುದನ್ನು ಬಿಟ್ಟಿದ್ದರು.

ರೂಪಾಲಿಗೆ ಹದಿನಾರು. ಒಂಬತ್ತನೇ ಇಯತ್ತೆಯಿಂದ ಬಿಡಿಸಿ ಅಸಂಗಿಗೆ ಮದುವೆ ಮಾಡಿ ಕೊಟ್ಟರು. ಈಗ ಏಳು ತಿಂಗಳ ಬಸುರಿ. ಗಂಡ ಇನ್ನೂ ಮೀಸೆ ಚಿಗುರುವ ಹುಡುಗ. ಸಾಂಗ್ಲಿಯ ಗ್ಯಾರೇಜಿನಲ್ಲಿದ್ದಾನೆ, ಫೋನು ಎತ್ತುವುದಿಲ್ಲ. ದವಾಖಾನೆಗೆ ಹೋದರೆ ವಯಸ್ಸು ಕೇಳುತ್ತಾರೆ, ವಯಸ್ಸು ಹೇಳಿದರೆ ಪೊಲೀಸು ಕೇಸು. ಹಾಗೆಂದು ಎರಡೂ ಮನೆಯವರು ಮಾತಾಡಿಕೊಂಡು ಅವಳನ್ನು ನಮ್ಮ ಕಾಳಿನ ಕೋಣೆಯಲ್ಲಿ ಇಟ್ಟಿದ್ದರು. ಕಾಲು ಬಾತಿದ್ದವು. ತಲೆ ಸಿಡಿಯುತ್ತದೆ ಎನ್ನುತ್ತಿದ್ದಳು.

"ಕೇಸ ಆದರ ಆಗಲಿ, ಮೊದಲ ನಾ ಹೋಗಿ ಡಾಕ್ಟರನ್ನ ಕೇಳಿ ಬರತೀನಿ. ನಾಳೆ ಆಕೀನ್ನ ಒಯ್ತೀನಿ," ಎಂದು ಅನಿಲ ಜತ್ತದ ದವಾಖಾನೆಗೆ ಬೈಕು ತೆಗೆದ. ಧೂಳಿಗೆ ಮುಖಕ್ಕೆ ಕಟ್ಟಿಕೊಳ್ಳಲು ನನ್ನ ಓಢಣಿ ಕೇಳಿದ. ಕೊಟ್ಟೆ. ಅವನು ಜತ್ತ ಮುಟ್ಟಲಿಲ್ಲ.

ನಾನು ಕೊಲ್ಹಾಪುರದಲ್ಲಿ ಎಂ.ಎ. ಮಾಡುವಾಗ ಎಳೆಯ ವಯಸ್ಸಿನ ತಾಯಂದಿರ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ಅದರಲ್ಲಿ ಶೇಕಡಾವಾರುಗಳಿದ್ದವು.

ಸಂಜೆ ಮಳೆ ಹಿಡಿಯಿತು. ಕರೆಂಟು ಹೋಯಿತು. ಸಮಾಧಾನ ಹೇಳಲು ಬಂದ ಓಣಿಯ ಹೆಂಗಸರು ನಡುಮನೆಯಲ್ಲೇ ಉಳಿದರು. ಬಳೆ ಇಡಿಸುವ ರಹಿಮಾ ಇದ್ದಳು. ಓಣಿಗೆಲ್ಲ ಹಿರಿಯಳಾದ ಗುರವ್ವಾಯಿ ಗೋಡೆಗೆ ಒರಗಿ ಕೂತಿದ್ದಳು. ಅಳುವುದು ಮುಗಿದಿತ್ತು, ಸಮಾಧಾನದ ಮಾತುಗಳೂ ಮುಗಿದಿದ್ದವು. ಕಾಳಿನ ಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ ಗುರವ್ವಾಯಿ ಒಮ್ಮೆಲೇ ಶುರುಮಾಡಿದಳು.

"ಕೇಳ್ರಿಲ್ಲಿ... ಇಂಥಾದ್ದ ಮಳಿ ಅವತ್ತೂ. ನಾ ಈ ಊರಿಗೆ ಸೊಸಿಯಾಗಿ ನಡ್ಯಾಕ ಬಂದು ಇನ್ನಾ ವರ್ಷ ತುಂಬಿರಲಿಲ್ಲ, ಮನ್ಯಾಗ ಯಾರೂ ಇಲ್ಲ, ನಾ ಒಬ್ಬಾಕಿನ ಕುಂತು ಹುಣಸಿಕಾಯಿ ತೊಕ್ಕು ಕುಟ್ಟಾಕ ಹತ್ತೀನಿ, ಹೊತ್ತು ಮುಣಗೂ ಯಾಳೆ... ಹಿತ್ತಲ ಬಾಗಲದಾಗ ಒಂದ ಹುಡುಗಿ ಬಂದು ನಿಂತ್ಲು. ಪರಕರ ಉಟ್ಟಾಳ, ಎರಡು ಜಡಿ ಹಾಕ್ಯಾಳ, ಹೊಟ್ಟಿ ಮಾತ್ರ ಇಷ್ಟ ಮುಂದ ಬಂದದ. 'ಅತ್ತಿ ಕೇಳ್ಯಾಳ್ರಿ, ಒಂದೀಟು ತೊಕ್ಕು ಕೊಡಬೇಕಂತ' ಅಂದ್ಲು. ಅತ್ತಿ ಕೇಳ್ಯಾಳಂತ! ಬಸುರಿ ನಾಲಿಗಿ ಏನ ಬೇಡತದ ಅನ್ನೂದು ನಮಗ ಗೊತ್ತಿಲ್ಲೇನು? ಬರಿಗೈ ಒಡ್ಡಿ ನಿಂತಿದ್ಲು, ಪಾಪ ಅನಸ್ತು, ಲಗೂನ ಒಂದ ವಾಟಿ ತುಂಬಿ ಕೊಟ್ಟೆ. ಅಂಥಾ ಮಳ್ಯಾಗ ಬಂದಾಳ, ಜಡಿ ಮಾತ್ರ ಒಣಾ ಒಣಾ... ನನಗ ಆಗ ಹೊಳೀಲಿಲ್ಲ ನೋಡ್ರಿ."

"ಅಲ್ಲ ಆಯಿ," ಎಂದಳು ರಹಿಮಾ, "ದೆವ್ವಕ್ಕ ನಿನ್ನ ತೊಕ್ಕಿನ ಖಾರ ಹತ್ತಲಿಲ್ಲೇನು?"

"ವರ್ಷಾ ಡಬ್ಬಿ ಹಿಡಕೊಂಡ ಬರತಿ, ನಿನಗ ಹತ್ತೇದೇನು? ಬಾಯಿ ಮುಚ್ಚಿ ಕೇಳು."

ಹೆಂಗಸರು ಸೆರಗಿನೊಳಗೆ ನಕ್ಕರು. ಮನೆಯಲ್ಲಿ ಮತ್ತೆ ನಗು ಕೇಳಿದ್ದು ಆಗಲೇ.

"ಮರುದಿನ ವಿಚಾರಿಸಿದರ... ಓಣಿ ತುದಿ ಶ್ರೀಶೈಲಪ್ಪನ ಸೊಸಿ ಅಂದ್ರು. ಚಂದ್ರವ್ವ ಅಂತ. ದೊಡ್ಡಾಕಿ ಆದ ವರ್ಷನ ಕರಕೊಂಡು ಬಂದ್ರು. ಇನ್ನಾ ಆಡೂ ಮೈ, ಇನ್ನಾ ಹಸಿ ಎಲುಬು... ಏಳರಾಗ ಕುಬಸ ಇಲ್ಲ, ಕೈಗೆ ಹಸರು ಬಳಿ ಇಲ್ಲ, ನಿನ್ನ ಬಯಕಿ ಏನವ್ವ ಅಂತ ಒಬ್ಬರೂ ಕೇಳಲಿಲ್ಲ. ಅಡಕಲ ಕೋಣ್ಯಾಗ ಕುಂತು ಹುಣಸಿ ಬೀಜ ಹಾರಿಸಿ ಹಿಡಿಕೋತ ಒಬ್ಬಾಕಿನ ಆಡಕೋತಿದ್ಲಂತ. ಬ್ಯಾನಿ ಹತ್ತಿ ಕೂಸೂ ಹೋತು, ಆಕೀನೂ ಹೋದ್ಲು... ನನ್ನ ಬಾಗಲಿಗೆ ಬಂದದ್ದು, ಯವ್ವಾ, ಅದಾಗಿ ತಿಂಗಳ ಮ್ಯಾಲ!"

ಹಂಚಿನ ಮೇಲೆ ಮಳೆ ಜೋರಾಯಿತು.

"ಆಕಿ ಕೆಟ್ಟದ್ದು ಮಾಡಾಕ ಬರೂದಿಲ್ಲ... ಆಟಕ್ಕ ಜೋಡಿ ಬೇಕು ಆಕೀಗೆ. ತನ್ನ ವಾರಿಗಿ ಬಸುರಿ ಯಾವ ಮನ್ಯಾಗ ಅಡಗಿ ಕುಂತಿರತಾಳೋ ಅಲ್ಲಿಗೆ ಬಂದು ಬೀಜ ಇಟ್ಟ ಹೋಗತಾಳ. ಆ ಬೀಜ ಹಿಡದು ಆಡಾಕ ಕುಂತಾಕಿ ಆಟ ಮುಗಿಸಿ ಎದ್ದದ್ದು ನಾ ಕಂಡಿಲ್ಲ. ಇಲ್ಲೊಬ್ಬಾಕಿ, ಶೇಗಾಂವದಾಗ ಒಬ್ಬಾಕಿ... ದೆವ್ವ ಒಯ್ತು ಅಂತಾರ ಮಂದಿ. ದೆವ್ವ ಒಯ್ತೋ, ನಾವ ಬಾಗಲಾ ಹಾಕಿ ಆಕೀ ಕೈಯಾಗ ಕೊಟ್ವೋ? ನೀವ ಹೇಳ್ರಿ."

"ಹೊತ್ತ ಮುಣಗಿದ ಮ್ಯಾಲ ಇಂಥಾವೆಲ್ಲ ಯಾಕ ತಗೀತಿ ಗುರವ್ವಾ," ಎಂದು ಅತ್ತೆ ಎದ್ದರು.

ನಾನು ಕೇಳಿದೆ. "ಸತ್ತವರು ಹಂಗ ಬರತಾರೇನು, ಆಯಿ?"

ಅವಳು ನನ್ನ ಬರಿಗೈಗಳನ್ನು ನೋಡಿದಳು. "ಎಲ್ಲಾರೂ ಬರೂದಿಲ್ಲವ್ವಾ. ಏನಾರ ಇಸಕೊಂಡು ಹೋದವರು ಬರತಾರ... ತಿರುಗಿ ಕೊಡಾಕ."

ನನ್ನ ಓಢಣಿ ಅನಿಲನ ಬಳಿಯೇ ಇತ್ತು.

ವಾಟಿಯೊಳಗಿನ ಬೀಜದ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬಾಗಿಲು ಭದ್ರ ಮಾಡುತ್ತಿದ್ದರು. ಮಲಗುವಾಗ ಹಿತ್ತಲ ಚಿಲಕ ಹಾಕದೆ ಬಿಟ್ಟೆ. ಮೂರು ವರ್ಷ ಅವನು ತಡವಾಗಿ ಬರುವ ದಿನ ಹಾಗೆಯೇ ಬಿಡುತ್ತಿದ್ದೆ.

ಬೆಳಗಾಗುವಾಗ ನಗು ಕೇಳಿ ಎಚ್ಚರಾಯಿತು. ಒಂದು ಕ್ಷಣ ಅವನೇ ಅನಿಸಿತು. ಎದ್ದು ಹೋದೆ. ಹಿತ್ತಲ ಬಾಗಿಲು ಪೂರಾ ತೆರೆದಿತ್ತು. ಕಟ್ಟೆಯ ಮೇಲೆ ವಾಟಿ ಖಾಲಿ.

ಕಾಳಿನ ಕೋಣೆಯಲ್ಲಿ ರೂಪಾಲಿ ನೆಲದ ಮೇಲೆ ಕೂತು ಬೀಜ ಹಾರಿಸಿ ಅಂಗೈಯ ಹಿಂಬದಿಗೆ ಹಿಡಿಯುತ್ತಿದ್ದಳು. ತಿಂಗಳುಗಳ ನಂತರ ಅವಳ ಮುಖ ಹುಡುಗಿಯ ಮುಖದಂತಿತ್ತು. ಕಾಲುಗಳು ಮಾತ್ರ ಇನ್ನೂ ಬಾತು ಹೊಳೆಯುತ್ತಿದ್ದವು.

"ಯಾರ ಜೋಡಿ ಆಡಾಕ ಹತ್ತೀಯವ್ವಾ?"

"ಈಗಷ್ಟ ಎದ್ದು ಹೋದ್ಲು ವೈನಿ. ಈ ಆಟಾ ಮುಗಿದ್ರ ಕರಕೊಂಡು ಹೋಗತೀನಿ ಅಂದಾಳ." ಅವಳು ಕಣ್ಣುಜ್ಜಿಕೊಂಡಳು. "ನೀ ಮಂಜಮಂಜಾಗಿ ಕಾಣತೀದಿ."

ಚಿಲಕ ಬಿಟ್ಟವಳು ನಾನು. ಕರೆದದ್ದು ಒಬ್ಬನನ್ನು, ಬಂದದ್ದು ಇನ್ನೊಬ್ಬಳು.

ನೆಲದ ಮೇಲೆ ಅವಳ ಎದುರಿಗೆ ಕೂತೆ. "ರೂಪಾ, ನಿನಗ ಏನ ಬೇಕವ್ವಾ?"

ಅವಳು ಹಾರಿಸಿದ ಬೀಜ ಹಿಡಿಯದೆ ಬಿಟ್ಟಳು. ಅದು ಯಾರೂ ಅವಳನ್ನು ಕೇಳಿರದ ಪ್ರಶ್ನೆ.

"ಅಣ್ಣ ಜತ್ತಕ್ಕ ಒಯ್ತೀನಿ ಅಂದಿದ್ದ," ಎಂದಳು.

ಬೀಜಗಳನ್ನು ಬಾಚಿ ವಾಟಿಗೆ ತುಂಬಿದೆ. ಅವಳ ತಲೆ ಬಾಚಿದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ನೀ ಹೊಸ್ತಿಲಾ ದಾಟೂ ದಿನ ಅಲ್ಲ ಇದು. ಆಕೀ ವಯಸ್ಸು ಕೇಳಿದರ ಏನ ಹೇಳತಿ?"

"ಹದಿನಾರು ಅಂತೀನಿ, ಅತ್ತಿ."

"ಮನಿತನದ ಮರ್ಯಾದಿ..."

"ಅನಿಲ ಅರ್ಧ ದಾರಿ ಹೋಗ್ಯಾನ. ಉಳಿದದ್ದು ನಾ ಹೋಗತೀನಿ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಪಕ್ಕಕ್ಕೆ ಸರಿದರು.

ಎಸ್‌ಟಿ ಬಸ್ಸು ನಿಲ್ಲುವಲ್ಲಿಗೆ ಹೋಗುವ ದಾರಿಯಲ್ಲೇ ಗುರವ್ವಾಯಿಯ ಮನೆ. ಅವಳು ಅಂಗಳದಲ್ಲಿದ್ದಳು. ರೂಪಾಲಿಯನ್ನು ಬೆಳಕಿನಲ್ಲಿ ಕಂಡು ಏನೂ ಕೇಳದೆ ಅವಳ ಗಲ್ಲ ಸವರಿ ನೆಟಿಗೆ ಮುರಿದಳು. ನಾನು ವಾಟಿ ಮುಂದೆ ಹಿಡಿದೆ. "ಅನಿಲ ಇಸಕೊಂಡಿದ್ದ ನಿಮ್ಮ ವಾಟಿ, ಆಯಿ."

ಅವಳು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ತಳದ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಅನಿಲಗ ನಾ ಕೊಟ್ಟದ್ದು ಪ್ಲಾಸ್ಟಿಕ್ ಡಬ್ಬಿ. ಅವತ್ತ ಸಂಜೀಕೇ ತಂದು ಕೊಟ್ಟು ಹೋಗ್ಯಾನ... ಇದು ನನ್ನ ಮದುವಿ ವಾಟಿ, ತಂಗಿ. ಚಂದ್ರವ್ವನ ಕೈಯಾಗ ಕೊಟ್ಟದ್ದು."

ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

ಗುರವ್ವಾಯಿ ಒಳಗೆ ಹೋಗಿ ತೊಕ್ಕಿನ ಭರಣಿ ತಂದಳು. "ಇಲ್ಲೇ ಕಟ್ಟಿ ಮ್ಯಾಲ ಇಡು. ತುಂಬಿ ಇಡತೀನಿ, ಚಂದ್ರವ್ವಗ. ಇವತ್ತ ಬರತಾಳ, ಇಲ್ಲಾ ನಾಳೆ... ಬಾಗಲಾ ಹಾಕಿದ ಇಂಥಾ ಕೋಣಿ ಊರಾಗ ಇದೊಂದ ಅಂತ ತಿಳಿದೀಯೇನು?" ಆಮೇಲೆ ರೂಪಾಲಿಯ ಕೈ ನೋಡಿದಳು. "ಆ ಮುಷ್ಟಿ ಬಿಚ್ಚಸು."

ರೂಪಾಲಿ ಬಿಚ್ಚಲಿಲ್ಲ. ನಾನೇ ಒಂದೊಂದು ಬೆರಳನ್ನು ಬಿಡಿಸಿದೆ. ಅಂಗೈಯಲ್ಲಿ ಒಂದು ಬೀಜ. ಯಾರೋ ಈಗಷ್ಟೇ ಅವಳ ಕೈಗೆ ಇಟ್ಟಂತೆ ಬೆಚ್ಚಗಿತ್ತು.

ಅದನ್ನು ವಾಟಿಗೆ ಹಾಕಿ ವಾಟಿಯನ್ನು ಕಟ್ಟೆಯ ಮೇಲಿಟ್ಟೆ.